ಅಪ್ಪ ಆಫ್ ಮಾಡಿಸಿದ ಕಂಪ್ಯೂಟರ್

ನಮ್ಮಪ್ಪ ದೊಡ್ಡಾಸ್ಪತ್ರೆಯ ಎಕ್ಸ್‌ರೇ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಸ್ಕ್ಯಾನ್‌ಗಳನ್ನೆಲ್ಲ ಹಲವು ಕಂಪ್ಯೂಟರುಗಳಲ್ಲಿ ಹಂಚಿಡುವುದಕ್ಕೆ ಎರಡು ವ್ಯವಸ್ಥೆಗಳನ್ನು ಹೋಲಿಸಿ ನೋಡುವಾಗ ಆಸ್ಪತ್ರೆಯವರು ಅವರನ್ನೂ ಕರೆದರು. ಎರಡೂ ಒಂದೊಂದು ಚಿತ್ರಕ್ಕೆ ಮೂರು ನಕಲು ಇಡುತ್ತಿದ್ದವು. ಮೊದಲನೆಯದು ಬಲು ಚುರುಕು. ಎಂಜಿನಿಯರುಗಳೆಲ್ಲ ಅದಕ್ಕೇ ಮನಸೋತಿದ್ದರು.

"ಯಾವ ಚಿತ್ರ ಎಲ್ಲಿದೆ ಅಂತ ಯಾರಿಗೆ ಗೊತ್ತು?" ಅಪ್ಪ ಕೇಳಿದರು.

"ಈ ಒಂದು ಕಂಪ್ಯೂಟರಿಗೆ," ಎಂದರು ಮುಖ್ಯ ಎಂಜಿನಿಯರ್ ಮೇಡಂ.

"ಹಾಗಾದ್ರೆ ಅದನ್ನೇ ಆಫ್ ಮಾಡಿ ನೋಡೋಣ ಮೇಡಂ. ನಾನು ಟೈಫಾಯ್ಡ್ ಬಂದು ಮಲಗಿದಾಗ ಫಿಲ್ಮೆಲ್ಲ ಕಪಾಟಲ್ಲೇ ಇತ್ತು, ಆದ್ರೆ ಒಂದೂ ಯಾರ ಕೈಗೂ ಸಿಗಲಿಲ್ಲ."

ಮೇಡಂ ನಗುತ್ತಲೇ ಆಫ್ ಮಾಡಿದರು. ಒಂದು ಚಿತ್ರವೂ ತೆರೆಯಲಿಲ್ಲ.

ಎರಡನೆಯದರಲ್ಲಿ ಎಲ್ಲೇನಿದೆ ಎಂಬ ಲೆಕ್ಕವೂ ಹಲವು ಕಂಪ್ಯೂಟರುಗಳಲ್ಲಿ ಹಂಚಿಹೋಗಿತ್ತು. ಅಪ್ಪ ಬೆರಳು ಮಾಡಿ ತೋರಿಸಿದ ಕಂಪ್ಯೂಟರುಗಳನ್ನೆಲ್ಲ ಮೇಡಂ ಒಂದು ಸಲಕ್ಕೆ ಒಂದರಂತೆ ನಿಲ್ಲಿಸಿ ನೋಡಿದರು. ಪ್ರತಿ ಸಲವೂ ಚಿತ್ರಗಳು ತುಸು ನಿಧಾನವಾಗಿ, ಆದರೆ ತಪ್ಪದೆ ತೆರೆದುಕೊಂಡವು. ಆಸ್ಪತ್ರೆ ಅದನ್ನೇ ಒಪ್ಪಿಕೊಂಡಿತು.

ವರದಿಯಲ್ಲಿ ಪರೀಕ್ಷೆ ನಡೆಸಿದವರು ಎಂಬ ಜಾಗದಲ್ಲಿ ಮೇಡಂ ಅಪ್ಪನ ಹೆಸರನ್ನೇ ಮೊದಲು ಹಾಕಿದರು. ಅಮ್ಮ ಆ ಪುಟವನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ.

"ಸಾಕು ಬಿಡೇ," ಅನ್ನುತ್ತಾರೆ ಅಪ್ಪ. ಆಮೇಲೆ ಕನ್ನಡಕ ಹಾಕಿಕೊಂಡು ತಾವೂ ಇನ್ನೊಮ್ಮೆ ಓದುತ್ತಾರೆ.