ಆದೇಶ ಕೈಗೆ ಬಂದ ಮರುದಿನ

ಹೆಣ್ಣಿಗೆ ತನ್ನ ದೇಹದ ಮೇಲಿರುವ ಹಕ್ಕಿಗೆ ಸಂವಿಧಾನದಲ್ಲಿ ಆಸರೆ ಹುಡುಕಿಕೊಟ್ಟ ನ್ಯಾಯವಾದಿಗಳಲ್ಲಿ ಅಗ್ರಗಣ್ಯರೂ, ಮೂವತ್ತೈದು ವರ್ಷಗಳ ಸೇವೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವವರೂ ಆದ ಹಿರಿಯ ವಕೀಲರನ್ನು ಮಹಿಳಾ ಕಾನೂನು ನೆರವು ಕೇಂದ್ರದಲ್ಲಿ ಎಲ್ಲರೂ ಕರೆಯುವುದು ಕರಡಕ್ಕ ಎಂದೇ. ಒಂದು ಅರ್ಜಿಗೆ ಏಳೆಂಟು ಕರಡು ಮಾಡಿಸಿ ಬೆರಳಚ್ಚುಗಾರ್ತಿಯ ಜೀವ ಹಿಂಡಿದ್ದಕ್ಕೆ ಸಂದ ಬಿರುದು ಅದು. ತಮಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸುದ್ದಿ ಕೇಳಿ ಅವರಿಗೆ ಸಂತೋಷಕ್ಕಿಂತ ಚಡಪಡಿಕೆಯೇ ಹೆಚ್ಚಾಯಿತು. ಅದಕ್ಕೆ ಕಾರಣವಿದೆ.

ವೃತ್ತಿಯ ಆರನೆಯ ವರ್ಷದಲ್ಲಿ ಮೂರು ಮಕ್ಕಳ ತಾಯಿಯಾದ ಇಸ್ತ್ರಿ ಅಂಗಡಿಯ ಹೆಂಗಸೊಬ್ಬರು ಅವರ ಬಳಿ ಬಂದರು. ನಾಲ್ಕನೆಯ ಬಸಿರು ಬೇಡವೆಂದು ಸರ್ಕಾರಿ ಆಸ್ಪತ್ರೆಗೆ ಹೋದರೆ ಗಂಡನ ರುಜು ಕೇಳಿದ್ದರು. ಗಂಡ ಹಾಕುವುದಿಲ್ಲವೆಂದು ಪಟ್ಟು ಹಿಡಿದಿದ್ದ. ಇದು ಹೆಣ್ಣಿನ ಖಾಸಗಿ ನಿರ್ಧಾರ, ಗಂಡನಾಗಲಿ ಸರ್ಕಾರವಾಗಲಿ ನಡುವೆ ಬರುವಂತಿಲ್ಲ ಎಂದು ಕರಡಕ್ಕ ವಾದಿಸಿದರು. ಹತ್ತೇ ದಿನದಲ್ಲಿ ಆದೇಶ ಬಂತು. ಕೇಂದ್ರದಲ್ಲಿ ಸಿಹಿ ಹಂಚಿದರು.

ಮರುದಿನ ಆದೇಶದ ಪ್ರತಿ ಹಿಡಿದು ಹೋದ ಆಕೆಗೆ ಆಸ್ಪತ್ರೆಯ ಅಧೀಕ್ಷಕರು ಹೇಳಿದ್ದು ಇಷ್ಟು: "ನಿಮ್ಮಿಷ್ಟ ಅಂತ ಕೋರ್ಟೇ ಹೇಳಿದೆಯಲ್ಲಮ್ಮ, ನಾವು ಅಡ್ಡ ಬರಲ್ಲ. ಆದ್ರೆ ನಾವೇ ಮಾಡಿಕೊಡಬೇಕು ಅಂತ ಎಲ್ಲಿ ಬರೆದಿದೆ, ತೋರಿಸಿ."

ಬರೆದಿರಲಿಲ್ಲ. ಏಳು ಕರಡುಗಳಲ್ಲಿ ಒಂದರಲ್ಲೂ ಆ ಸಾಲು ಇರಲಿಲ್ಲ. ಆಕೆ ಕೇಂದ್ರಕ್ಕೆ ಮರಳಿ ಬಂದು, "ನೀವೇನೋ ಗೆದ್ರಿ ಅಕ್ಕ. ನಾನೀಗ ಎಲ್ಲಿಗೆ ಹೋಗ್ಲಿ?" ಎಂದು ಕರಡಕ್ಕನವರನ್ನು ಕೇಳಿದರು.

ಅಂದು ಕೇಂದ್ರದಲ್ಲಿ ನಡೆದ ಜಗಳ ಇಂದಿಗೂ ಮುಗಿದಿಲ್ಲ. ಕೇಂದ್ರದ ದಾದಿ ನೇರವಾಗಿ ಹೇಳಿದರು: "ಒಂದೇ ಕೋಣೇಲಿ ಐದು ಜನ ಮಲಗೋರಿಗೆ ಖಾಸಗಿತನ ಕೊಡಿಸಿದ್ರಿ. ಅವಳಿಗೆ ಬೇಕಾಗಿದ್ದು ಡಾಕ್ಟರು. ಪಕ್ಕದೂರಲ್ಲಿ ನಂಗೆ ಗೊತ್ತಿರೋರು ಇದಾರೆ, ನಾಳೆನೇ ಕರ್ಕೊಂಡು ಹೋಗ್ತೀನಿ." ಕರಡಕ್ಕನವರಿಗೆ ವಿದ್ಯೆ ಕಲಿಸಿದ ಹಿರಿಯ ವಕೀಲರದು ಬೇರೆ ಭಯ: "ಕೊಡು ಅಂತ ಸರ್ಕಾರಾನ ಕೇಳಿದ್ರೆ, ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನೋದನ್ನೂ ಅದೇ ತೀರ್ಮಾನ ಮಾಡುತ್ತೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ."

ಕರಡಕ್ಕ ಇಬ್ಬರ ಮಾತನ್ನೂ ಕೇಳಲಿಲ್ಲ. ಆರೋಗ್ಯವೂ ಸಮಾನತೆಯೂ ಹಕ್ಕುಗಳಾಗಿರುವಾಗ ಆಸ್ಪತ್ರೆಯ ಬಾಗಿಲು ತೆರೆಯುವುದು ಸರ್ಕಾರದ ಕರ್ತವ್ಯವೆಂದು ಎರಡನೆಯ ಅರ್ಜಿ ಹಾಕಿದರು. ಸಾವಿರಾರು ಹೆಂಗಸರಿಗೆ ದಾರಿಯಾಗುತ್ತದೆ, ಹದಿನೈದು ದಿನ ತಾಳಿ ಎಂದರು. ಆಕೆ ನಂಬಿ ತಾಳಿದರು. ವಿಚಾರಣೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಬಸಿರು ಯಾರಿಗಾಗಿ ಕಾಯುತ್ತದೆ? ಇನ್ನು ಕಾಲ ಮೀರಿತೆಂದು ದಾದಿಯ ಪರಿಚಯದ ವೈದ್ಯರೂ ಕೈಚೆಲ್ಲಿದರು. ಇಂದು ಕಾನೂನು ಕಾಲೇಜುಗಳಲ್ಲಿ ಪಾಠವಾಗಿರುವ, ನಿಜಕ್ಕೂ ಸಾವಿರಾರು ಹೆಂಗಸರಿಗೆ ಬಾಗಿಲು ತೆರೆಸಿದ ಆ ತೀರ್ಪು ಹೊರಬಿದ್ದಾಗ ಇಸ್ತ್ರಿ ಅಂಗಡಿಯ ಕೂಸಿಗೆ ನಾಲ್ಕು ತಿಂಗಳು.

ಅಲ್ಲಿಂದಾಚೆಗೆ ಅವರ ಕೆಲಸದ ರೀತಿಯೇ ಬದಲಾಯಿತು. ಯಾವ ಅರ್ಜಿಯಾದರೂ ನ್ಯಾಯಾಧೀಶರಿಗಿಂತ ಮೊದಲು ದಾದಿಯ ಮೇಜಿಗೆ ಹೋಗಬೇಕು. ಬಂದವಳಿಗೆ ಎಲ್ಲಾದರೂ ದಾರಿಯಿದ್ದರೆ ಮೊದಲು ದಾರಿ, ಆಮೇಲೆ ಹಕ್ಕಿನ ಮಾತು. ಹಾಸ್ಟೆಲಿನ ವಿದ್ಯಾರ್ಥಿನಿಯೊಬ್ಬಳ ಜೊತೆ ರಜೆ ಹಾಕಿ ನಾಲ್ಕು ಆಸ್ಪತ್ರೆ ಅಲೆದು, ಕೊನೆಗೆ ಅವಳ ಕಾಲೇಜು ಪರೀಕ್ಷೆಯ ಕೋಣೆಯವರೆಗೂ ಬಿಟ್ಟು ಬಂದದ್ದನ್ನು ಅವರು ಯಾರಿಗೂ ಹೇಳಿದವರಲ್ಲ. ಆ ವಿದ್ಯಾರ್ಥಿನಿ ಹೇಳಿದ್ದರಿಂದ ತಿಳಿಯಿತು. ಯಾವ ಹಕ್ಕು ದೊಡ್ಡದೆಂದು ಕಿರಿಯ ವಕೀಲರು ವಾದಕ್ಕಿಳಿದರೆ, "ಮೊದಲು ಎಷ್ಟು ವಾರ ಆಗಿದೆ ಕೇಳಿ" ಎಂದು ಗದರುತ್ತಿದ್ದರು.

ಕಳೆದ ವಾರ ಅವರು ಇಸ್ತ್ರಿ ಅಂಗಡಿಗೆ ಹೋಗಿ, ಈ ಗ್ರಂಥದಲ್ಲಿ ಆ ಪ್ರಕರಣದ ಮಾತು ಬರಬಹುದೇ ಎಂದು ಅಳುಕುತ್ತಲೇ ಕೇಳಿದರು. ಆಕೆ ಇಸ್ತ್ರಿ ನಿಲ್ಲಿಸಲಿಲ್ಲ.

"ಬರೀಲಿ ಅಕ್ಕ. ಮಗಳಿಗೆ ನಾನೇ ಎಲ್ಲಾ ಹೇಳಿದೀನಿ. ನೀನು ನನ್ನ ಜೀವ ಕಣೇ, ಅವತ್ತು ನಾನು ಬೇಡ ಅಂದಿದ್ದೂ ತಪ್ಪಲ್ಲ ಅಂದೆ. ಅವಳಿಗೆ ಅರ್ಥ ಆಯ್ತು. ನಿಮ್ಮ ಕೋರ್ಟಿಗೆ ಅರ್ಥ ಆಗೋ ಹಾಗೆ ಬರೆಯೋಕಾಗುತ್ತಾ?"

"ಇನ್ನೂ ಗೊತ್ತಿಲ್ಲಮ್ಮ" ಎಂದರು ಕರಡಕ್ಕ.

ನಿವೃತ್ತಿಯಾದೊಡನೆ ಅದನ್ನೇ ಬರೆಯಲು ಕೂರುತ್ತಾರಂತೆ. ಎಷ್ಟು ಕರಡು ಬೇಕಾದರೂ ಆಗಲಿ, ಅಷ್ಟಕ್ಕೂ ಸಾಲುವ ಆಯುಷ್ಯವೂ ಆರೋಗ್ಯವೂ ಅವರಿಗಿರಲಿ. ಬರೆದು ಮುಗಿಸಿದ ದಿನ ಅದನ್ನು ಮೊದಲು ಓದುವವಳು, ಈಗ ಇಪ್ಪತ್ತೊಂಬತ್ತಾಗಿರುವ ಆ ಮಗಳೇ ಆಗಲಿ.