ಒಂದು ಒಲೆ, ಒಂದು ಸಾಲ

ನಾನು ಚಿಕ್ಕವನಿದ್ದಾಗ, ಮೊಮ್ಮಕ್ಕಳೇ, ಅಂದರೆ ನಿಮ್ಮ ಹಾಗೆ ಒಂದು ಕಡೆ ಕೂರಲಾರದೆ ದಿನಾ ಬೈಸಿಕೊಳ್ಳುತ್ತಿದ್ದ ವಯಸ್ಸಿನಲ್ಲಿ, ನಮ್ಮ ಮನೆ ಸರಸಂಬಾದಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ತೊಲೆಗಳ ಮೇಲೆ ತೊಗರಿ ಕಟ್ಟಿಗೆ ಹಾಸಿ, ಅದರ ಮೇಲೆ ಮೊಳದಷ್ಟು ಮಣ್ಣು ಹೇರಿದ ಸೂರು. ಬೇಸಿಗೆಯಲ್ಲಿ ತಂಪಾಗಿರುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಗೆದ್ದಲು ಹತ್ತಿದ ಮೇಲೆ ಊಟಕ್ಕೆ ಕೂತರೆ ತಾಟಿಗೆ ಮಣ್ಣು ಉದುರುತ್ತಿತ್ತು. ಮಳೆಗಾಲದಲ್ಲಿ ತೊಲೆ ಕಿರ್ ಎಂದರೆ ಸಾಕು, ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕೆಮ್ಮುತ್ತಲೇ ಎಲ್ಲರನ್ನೂ ಅಂಗಳಕ್ಕೆ ಅಟ್ಟುತ್ತಿದ್ದಳು.

ಅವ್ವನ ಮುಖ ನನಗೆ ನೆನಪಿಲ್ಲ. ನಾನು ಹಾಲು ಬಿಡುವ ಮೊದಲೇ ಹೋಗಿಬಿಟ್ಟಳಂತೆ. ನನ್ನನ್ನು ಸಾಕಿದವಳು ಅಕ್ಕ. ಅಪ್ಪ ಆಳಂದದ ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಸಂಜೆ ಮನೆಗೆ ಬಂದರೆ ಅವನ ಮೈಯೆಲ್ಲ ತೊಗರಿ ಹೊಟ್ಟಿನ ವಾಸನೆ. ಅಕ್ಕನಿಗೆ ಒಂದು ಹೊಲಿಗೆ ಮಷೀನು ಇತ್ತು. ಕರಿಯ ಮೈ, ಅದರ ಮೇಲೆ ಬಂಗಾರದ ಬಣ್ಣದ ಹೂಬಳ್ಳಿ, ಕಾಲಲ್ಲಿ ತುಳಿದರೆ ಟಕಟಕ ಎಂದು ಓಡುವ ಸೂಜಿ. ಓಣಿಯಲ್ಲಿ ಕೂಸು ಹುಟ್ಟಿತೆಂದರೆ ಅದಕ್ಕೆ ಕುಲಾವಿ ಅಕ್ಕನೇ ಹೊಲಿಯಬೇಕು. ಕುಲಾವಿ ಗೊತ್ತಲ್ಲ, ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಬಣ್ಣಬಣ್ಣದ ಟೊಪ್ಪಿಗೆ. ಚೂರು ಬಟ್ಟೆಗಳನ್ನು ತೊಡೆಯ ಮೇಲೆ ಹರಡಿಕೊಂಡು, ಯಾವುದರ ಪಕ್ಕ ಯಾವುದು ಅಂದವೆಂದು ಅಕ್ಕ ನನ್ನನ್ನೇ ಕೇಳುತ್ತಿದ್ದಳು. ನಾನು ಯಾವಾಗಲೂ ಕೆಂಪು ಎನ್ನುತ್ತಿದ್ದೆ.

ಆ ಮಷೀನು ಬಂದದ್ದು ಸೊಸೈಟಿಯ ಸಾಲದಲ್ಲಿ. ಊರವರು ವಾರವಾರ ಕೈಲಾದಷ್ಟು ಕೂಡಿಹಾಕಿ, ಅದನ್ನೇ ಒಬ್ಬರಾದ ಮೇಲೊಬ್ಬರಿಗೆ ಸಾಲ ಕೊಡುತ್ತಿದ್ದರು. ಮದುವೆಗೆ ಇಲ್ಲ, ಜಂಬಕ್ಕಂತೂ ಇಲ್ಲವೇ ಇಲ್ಲ. ತಲೆಯ ಮೇಲಿನ ಸೂರಿಗೆ, ಇಲ್ಲವೇ ಕೈಯ ದುಡಿಮೆಗೆ ಮಾತ್ರ. ಅದರಿಂದಲೇ ಒಬ್ಬ ಚಹಾದಂಗಡಿ ಇಟ್ಟ, ಒಬ್ಬಳು ಗಿರಣಿ ಹಾಕಿದಳು, ನಮ್ಮ ಓಣಿಯಲ್ಲಿ ಒಂದೊಂದೇ ಮನೆಯ ಮಣ್ಣಿನ ಮಾಳಿಗೆ ಹೋಗಿ ಫರ್ಸಿಯ, ಅಂದರೆ ಚಪ್ಪಡಿ ಕಲ್ಲಿನ, ಸೂರು ಬಂತು. ಸಾಹುಕಾರರ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತ್ತು. ಆದರೆ ಹಣ ಸಣ್ಣದು, ಕೇಳುವವರು ಬಹಳ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಒಂದು ಒಲೆ, ಒಂದು ಸಾಲ. ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ. ಆ ಮನೆಯ ಹಳೇ ಸಾಲ ತೀರಿದ ಮೇಲೇ ಹೊಸದು.

ಆ ವರ್ಷ ಬೇಸಿಗೆಯಲ್ಲಿ ನಮ್ಮ ನಡುಮನೆಯ ತೊಲೆ ಸೀಳಿತು. ಸೊಸೈಟಿಯ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರಿದ್ದರು, ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಬಂದು ನೋಡಿ, "ಕಮಿಟಿ ಮುಂದ ಇಡ್ತೇನಿ. ಅವರು ಹೂಂ ಅಂದ್ರ, ನೀವು ಮಾಳಿಗಿ ಇಳಿಸಿದ ಕೂಡ್ಲೆ ಫರ್ಸಿ ಬರ್ತಾವ" ಎಂದು ಹೇಳಿ ಹೋದರು. ಅಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮರುದಿನವೇ ಗೆಳೆಯರನ್ನು ಕರೆದುಕೊಂಡು ಬಂದು ಮಾಳಿಗೆ ಇಳಿಸಿಯೇ ಬಿಟ್ಟ! ಮಷೀನಿನ ಸಾಲ ಅಕ್ಕನ ಹೆಸರಿನಲ್ಲಿತ್ತು, ಹಾಗಾಗಿ ಅದೂ ನಮ್ಮ ಒಲೆಯ ಸಾಲವೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಪಾಪ, ಅವನ ಸಡಗರ ಹಾಗಿತ್ತು.

ಕೆಲವು ದಿನ ಅಂಗಳದ ಬೇವಿನ ಮರದ ಕೆಳಗೇ ನಮ್ಮ ಸಂಸಾರ. ಆಯಿ ಮಲಗುವ ಹೊರಸು, ಅಕ್ಕನ ಮಷೀನು, ಒಲೆ, ಕೊಡಪಾನ ಎಲ್ಲ ಅಲ್ಲೇ. ನನಗಂತೂ ಜಾತ್ರೆಯೇ ಆಗಿತ್ತು. ಒಂದು ದಿನ ಮುಂಜಾನೆಯೇ ಮೋಡ ಕವಿದು, ಮಣ್ಣಿನ ವಾಸನೆ ಹೊತ್ತ ಗಾಳಿ ಎದ್ದಿತು. ಅದೇ ಹೊತ್ತಿಗೆ ಕಾಕಾ ಬಂದರು. ಇಳಿಸಿಟ್ಟ ತೊಲೆಗಳ ಮೇಲೆ ಕೂತು ತಲೆಯ ರುಮಾಲು ಬಿಚ್ಚಿದರು.

"ಎಂಥ ಕೆಲ್ಸ ಮಾಡಿದ್ರಿ? ಕಮಿಟಿ ಇಲ್ಲ ಅಂದದ. ನಿಮ್ಮ ಒಲಿ ಮ್ಯಾಲ ಮಷೀನಿನ ಸಾಲ ಇನ್ನಾ ಅದಲ್ರಿ."

ಅಪ್ಪ ಒಮ್ಮೆ ಬಯಲಾದ ಗೋಡೆಗಳನ್ನು ನೋಡಿದ, ಒಮ್ಮೆ ಮೋಡ ನೋಡಿದ. "ಮುದುಕಿ ಮಳ್ಯಾಗ ಉಳಿಯಂಗಿಲ್ರಿ ಕಾಕಾ" ಎಂದ. ಕಾಕಾ ಸಿಟ್ಟಾಗಲಿಲ್ಲ. ರೊಕ್ಕ ತಮ್ಮ ಮನೆಯದಲ್ಲ, ಊರಿನದು, ಬಳೆಗಾರರ ಮನೆಯ ಹುಡುಗಿ ಕೂಡ ಒಂದು ಮಷೀನಿಗಾಗಿ ಬಹಳ ದಿನದಿಂದ ದಾರಿ ಕಾಯುತ್ತಿದ್ದಾಳೆ ಎಂದರು.

ಆಗ ಹೊರಸಿನ ಮೇಲಿದ್ದ ಆಯಿ ಎದ್ದು ಕೂತಳು. ಬಹಳ ಚಾಲಾಕಿ ಮುದುಕಿ ಅವಳು. "ಒಲಿ ಎಣಿಸ್ತೀರೇನು? ಹಂಗಾರ ನಮ್ಮ ಹುಡುಗಿಗೆ ಇನ್ನೊಂದು ಒಲಿ ಹೂಡು ಲೇ. ಮಗಳು ಬ್ಯಾರೆ ಆಗ್ಯಾಳ ಅಂತ ಬರಕೋತಾರ. ಸೂರೂ ಬರ್ತದ, ಮಷೀನೂ ಉಳೀತದ" ಎಂದಳು. ಕಾಕಾ ಕೆಮ್ಮಿ ಆಚೆ ಮುಖ ತಿರುಗಿಸಿದರು. ಬೇಡ ಎನ್ನಲಿಲ್ಲ. ಒಲೆ ಕಂಡರೆ ಒಲೆ ಎಂದು ಬರೆಯುವವರು ಅವರು, ಅಷ್ಟೇ.

ಅಪ್ಪ ಹೋಗಿ ಮೂರು ಕಲ್ಲು ತಂದ. ಮರದ ಆ ಬದಿಗೆ ಮಂಡಿಯೂರಿ ಅವನ್ನು ಜೋಡಿಸತೊಡಗಿದ. ಅಷ್ಟೂ ಹೊತ್ತು ಅಕ್ಕ ಯಾರದೋ ಕೂಸಿನ ಕುಲಾವಿ ಹೊಲಿಯುತ್ತಿದ್ದಳು. ಮಷೀನಿನ ಸದ್ದು ನಿಂತಿತು. ಎದ್ದು ಬಂದು, ಅಪ್ಪ ಇಟ್ಟ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು.

"ನಾ ಬ್ಯಾರೆ ಒಲಿ ಮ್ಯಾಲ ಉಣ್ಣಂಗಿಲ್ಲ ಅಪ್ಪಾ. ಸುಳ್ಳಿಗೂ ಉಣ್ಣಂಗಿಲ್ಲ. ಅವ್ವ ನಿಮ್ಮನ್ನೆಲ್ಲ ನನ್ನ ಕೈಗೆ ಹಾಕಿ ಹೋಗ್ಯಾಳ."

ಆಮೇಲೆ ಕಾಕಾನ ಕಡೆ ತಿರುಗಿ, "ಮಷೀನ್ ಒಯ್ರಿ. ಆ ಹುಡುಗಿಗೆ ಕೊಡ್ರಿ, ಉಳಿದ ಸಾಲ ಆಕಿ ಹೆಸರಿಗೆ ಬರಕೋರಿ. ನಮಗ ಫರ್ಸಿ ಕಳಸ್ರಿ" ಎಂದಳು.

ಅಪ್ಪ ಎದ್ದು ನಿಲ್ಲಲೇ ಇಲ್ಲ. ಆ ಕಲ್ಲುಗಳ ಮುಂದೆಯೇ ಕೂತುಬಿಟ್ಟ. ನಾನು ಮಷೀನಿನ ಕಾಲು ಹಿಡಿದು ಊರು ಕೇಳುವಂತೆ ಅತ್ತೆ. ಅಕ್ಕ ನನಗೊಂದು ಗುದ್ದು ಕೊಟ್ಟು, ಆಮೇಲೆ ತಾನೇ ಮೂಗು ಒರೆಸಿದಳು. ಗಾಡಿ ಬರುವವರೆಗೆ ಅವಳು ಮಷೀನಿಗೆ ಎಣ್ಣೆ ಬಿಟ್ಟು, ಹಳೇ ಸೀರೆಯ ತುಂಡಿನಿಂದ ಒಂದೊಂದು ಹೂವನ್ನೂ ಒರೆಸಿದಳು, ನನ್ನನ್ನು ಶಾಲೆಗೆ ಕಳಿಸುವಾಗ ಮುಖ ಒರೆಸುವ ಹಾಗೆ. ಗಾಡಿ ಹೋದ ಮೇಲೆ ಅರ್ಧ ಉಳಿದಿದ್ದ ಕುಲಾವಿಯನ್ನು ಕೈಯಲ್ಲೇ ಹೊಲಿದು ಮುಗಿಸಿದಳು. ಅಂಚಿಗೆ ಯಾವ ಬಣ್ಣವೆಂದು ಅವತ್ತು ನನ್ನನ್ನು ಕೇಳಲಿಲ್ಲ.

ಆ ಸಂಜೆ ಮಳೆ ಬಂತು. ಮಿಲ್ಲಿನ ತಾಡಪತ್ರಿಯ ಕೆಳಗೆ ನಾವು ನಾಲ್ವರೂ ಒತ್ತಿಕೊಂಡು ಕೂತೆವು. ಅದೇ ವಾರ ಫರ್ಸಿ ಕಲ್ಲುಗಳು ಬಂದವು, ಸೂರು ಎದ್ದಿತು. ಆಯಿ ಆ ಸೂರಿನ ಕೆಳಗೆ ಇನ್ನೂ ಬಹಳ ವರ್ಷ ಬದುಕಿ ನಮ್ಮನ್ನೆಲ್ಲ ಬೈದಳು. ಆದರೆ ಬಳೆಗಾರರ ಮನೆಯಿಂದ ಟಕಟಕ ಸದ್ದು ಕೇಳಿದಾಗಲೆಲ್ಲ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ಚಣಹೊತ್ತು ನಿಲ್ಲುತ್ತಿತ್ತು. ಆ ಹುಡುಗಿಗೆ ಹೊಲಿಗೆ ಕಲಿಸಿದವಳೂ ಅಕ್ಕನೇ.

ಮುಂದೆ ಅಕ್ಕನನ್ನು ಅಫಜಲಪುರದ ಕಡೆ ಗೊಬ್ಬೂರಿಗೆ ಮದುವೆ ಮಾಡಿ ಕೊಟ್ಟೆವು. ಬಸ್ಸು ಹತ್ತಿಸುವಾಗ ಅಪ್ಪ, "ಮನಿ ಸಾಲ ತೀರ್ಲಿ, ಮೊದಲ ನಿನಗ ಮಷೀನ್ ತರ್ತೇನಿ" ಎಂದ. ಅಕ್ಕ ನಕ್ಕಳು. ಸಾಲ ತೀರುವ ಹೊತ್ತಿಗೆ ನನಗೆ ಮೀಸೆ ಮೂಡಿತ್ತು. ಅಪ್ಪ ಆಡಿದ ಮಾತಿನಂತೆ ಸೊಸೈಟಿಯಲ್ಲಿ ಮತ್ತೆ ಸಾಲ ಕೇಳಿದ, ಕೊಟ್ಟರು. ಹೊಸ ಮಷೀನು ಬಸ್ಸಿನ ಮೇಲೆ ಗೋಣಿಚೀಲ ಸುತ್ತಿಕೊಂಡು ಬಂತು. ಮರುದಿನ ನಾವಿಬ್ಬರೂ ಅದನ್ನು ಗೊಬ್ಬೂರಿಗೆ ಮುಟ್ಟಿಸಬೇಕಿತ್ತು. ಬೆಳಗ್ಗೆ ಹೊರಡುವಷ್ಟರಲ್ಲಿ ಅಲ್ಲಿಂದಲೇ ಆಳು ಬಂದ. ಅಕ್ಕನಿಗೆ ಜ್ವರ ಬಂದಿತ್ತಂತೆ, ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದುಹೋಗಿತ್ತಂತೆ. ಅಪ್ಪ ಆ ಗೋಣಿಚೀಲದ ಮೇಲೆ ಕೈ ಇಟ್ಟುಕೊಂಡು ಮಗುವಿನ ಹಾಗೆ ಅತ್ತ.

ಈಗ ಜೇವರ್ಗಿಯ ನಿಮ್ಮ ಮನೆ ನೋಡಿರಿ. ಸ್ಲ್ಯಾಬಿನ ಮನೆ, ಸಾಲ ಮಾಡಿಯೇ ಕಟ್ಟಿದ್ದು. ಹೆದ್ದಾರಿಯ ಬದಿಗೆ ನಿಮ್ಮ ಅಮ್ಮನ ಟೇಲರ್ ಅಂಗಡಿ, ಕರೆಂಟಿನ ಮಷೀನು, ಅದಕ್ಕೆ ಮಹಿಳಾ ಸಂಘದ ಬೇರೆ ಸಾಲ. ಎರಡೂ ಒಂದೇ ವರ್ಷ ಬಂದವು. ಗ್ಯಾಸಿನ ಒಲೆ ಎಷ್ಟಿದೆ ಎಂದು ಯಾರೂ ಎಣಿಸಲು ಬರಲಿಲ್ಲ, ಎರಡರಲ್ಲಿ ಒಂದನ್ನು ಬಿಟ್ಟುಕೊಡು ಎಂದು ನಿಮ್ಮ ಅಮ್ಮನಿಗೆ ಯಾರೂ ಹೇಳಲಿಲ್ಲ. ನನಗೆ ಸಂತೋಷವೇ, ಮಕ್ಕಳೇ. ಆದರೆ ಮೊನ್ನೆ ನೀವು ಮೂಲೆಯಲ್ಲಿರುವ ಕರಿಯ ಮಷೀನನ್ನು ಗುಜರಿಗೆ ಹಾಕೋಣ ಎಂದಾಗ ನಾನು ಯಾಕೆ ಹಾಗೆ ಕೂಗಾಡಿದೆ ಎಂದು ಕೇಳಿದಿರಲ್ಲ. ನನ್ನ ಕೈಹಿಡಿದು ಬಂದ ನಿಮ್ಮ ಅಜ್ಜಿ ನಿಮಗೆಲ್ಲ ಕುಲಾವಿ ಹೊಲಿದದ್ದು ಅದರಲ್ಲೇ. ಅಪ್ಪ ಅದನ್ನು ಅಕ್ಕನಿಗೆಂದು ತಂದಿದ್ದ. ಅಕ್ಕ ಅದನ್ನು ಒಮ್ಮೆಯೂ ತುಳಿಯಲಿಲ್ಲ.