ಬಲಗಡೆಯ ಬಾಲ್ದಿ

ಮಂಡೆಕೋಲು ಊರಿನ ಒಂದು ಮನೆಯಲ್ಲಿ ಕಂಬಳದ ಜೋಡಿ ಕೋಣಗಳನ್ನು ನೋಡಿಕೊಳ್ಳಲು ಕೆಲಸದವರೊಬ್ಬರಿದ್ದರು. ನಾನು ಪತ್ರಿಕೆಯ ವರದಿಗೆಂದು ಹೋದಾಗಲೆಲ್ಲ ಯಜಮಾನರು ಅಂಗಳದಲ್ಲಿ ಕುಳಿತು ಗೆದ್ದ ಪದಕಗಳ ಕಥೆ ಹೇಳುತ್ತಿದ್ದರು. ಆ ಕೆಲಸದವರು ಮಾತ್ರ ಕೊಟ್ಟಿಗೆಯಲ್ಲಿ ಕೋಣಗಳ ಮೈಗೆ ಎಣ್ಣೆ ಉಜ್ಜುತ್ತಿರುತ್ತಿದ್ದರು. ಬೇಯಿಸಿದ ಹುರುಳಿಯನ್ನು ಎರಡು ಬಾಲ್ದಿಗಳಲ್ಲಿ ಇಟ್ಟರೆ, ಎಡಗಡೆಯ ಕೋಣ ತನ್ನದನ್ನು ಬಿಟ್ಟು ಬಲಗಡೆಯದಕ್ಕೆ ಬಾಯಿ ಹಾಕುತ್ತಿತ್ತು. ಅವರು ಅಂಗೈಯಿಂದ ಅದರ ಮೂತಿ ತಳ್ಳಿ, "ಅದು ಅವನ ಪಾಲು ಮಾರಾಯ" ಎನ್ನುತ್ತಿದ್ದರು.

ಬಲಗಡೆಯದು ಊರೂರಲ್ಲಿ ಹೆಸರು ಮಾಡಿದ ಕೋಣ. ಅದು ಸತ್ತು, ಮಣ್ಣು ಮಾಡುವ ದಿನ ಅಂಗಳದ ತುಂಬ ಜನ, ಹಾರ, ಮೊಬೈಲು. ಅದನ್ನು ಸಾಕಿದ ಅವರನ್ನೂ ಫೋಟೊಗೆ ಕರೆಯಲು ಕೊಟ್ಟಿಗೆಗೆ ಹೋದೆ.

"ಈಗ ಎಂತ ಫೋಟೊ? ಇವ ನಿನ್ನೆಯಿಂದ ಎಂತದೂ ಮುಟ್ಟಲಿಲ್ಲ. ಇವನೂ ಹೋದರೆ?" ಎಂದರು.

ಎಡಗಡೆಯ ಕೋಣದ ಮುಂದೆ ಹುರುಳಿ ಹಾಗೆಯೇ ಇತ್ತು. ಅವರು ಸತ್ತ ಕೋಣದ ಬಾಲ್ದಿಯನ್ನು ತಂದು, ಹುರುಳಿ ತುಂಬಿ, ಅದರ ಹಳೆಯ ಜಾಗದಲ್ಲೇ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕೋಣ ಕುತ್ತಿಗೆ ಚಾಚಿ ಆ ಬಾಲ್ದಿಗೆ ಬಾಯಿ ಹಾಕಿತು. ಅವರ ಕೈ ಅಭ್ಯಾಸದಂತೆ ಮೂತಿಯ ತನಕ ಹೋಯಿತು.

"ಅದು ಅವನ ಪಾಲು..." ಎಂದವರು ಕೈ ಹಿಂದಕ್ಕೆ ತೆಗೆದುಕೊಂಡರು.

"ತಿನ್ನು ಮಾರಾಯ" ಎಂದರು.